ಪ್ರತಿಕ್ರಿಯೆ: ಬಡ್ಡಿದರ ಒಂದೇ, ವೆಚ್ಚ ಒಂದೇ ಅಲ್ಲ

ಅಮೆರಿಕದ 2017ರ ತೆರಿಗೆ ಸುಧಾರಣೆಯ ನಂತರವೂ ಶ್ರೀಮಂತರಿಗೆ ಸಾಲ ಅಗ್ಗವೇ, ಬ್ಯಾಂಕಿನ ದರ ಎಲ್ಲರಿಗೂ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ದರ ಒಂದೇ ಇದ್ದರೂ ಕೈಯಿಂದ ಹೋಗುವ ಹಣ ಒಂದೇ ಆಗಿರುವುದಿಲ್ಲ.

ಗೃಹಸಾಲದ ಬಡ್ಡಿ ಶೇ 5 ಎಂದುಕೊಳ್ಳಿ. ಅಲ್ಲಿ ಆ ಬಡ್ಡಿಯನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು ಅವಕಾಶವಿದೆ. ಹೀಗೆ ಉಳಿಯುವ ತೆರಿಗೆಯನ್ನು ಕಳೆದರೆ, ಶೇ 37ರ ತೆರಿಗೆ ಹಂತದಲ್ಲಿರುವವರಿಗೆ ನಿಜವಾದ ವೆಚ್ಚ ಶೇ 3.15, ಶೇ 12ರ ಹಂತದವರಿಗೆ ಶೇ 4.4. ಈ ಶೇ 4.4 ಕೂಡ ಕಾಗದದ ಮೇಲೆ ಮಾತ್ರ. 2017ರ ಕಾಯ್ದೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನು, ಅಂದರೆ ಖರ್ಚಿನ ಲೆಕ್ಕ ಕೊಡದೆ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತವನ್ನು, ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ, ದಂಪತಿಗೆ 24,000 ಡಾಲರ್‌ಗೆ ಏರಿಸಿತು. ಇದನ್ನು ಪಡೆದವರು ಗೃಹಸಾಲದ ಬಡ್ಡಿಯನ್ನು ಬೇರೆಯಾಗಿ ಕಳೆಯುವಂತಿಲ್ಲ. ಹಾಗಾಗಿ ಮಧ್ಯಮ ವರ್ಗದ ಬಹುಪಾಲು ಜನ ಬಡ್ಡಿಯ ಲೆಕ್ಕ ತೋರಿಸುವುದನ್ನೇ ಬಿಟ್ಟರು. ಅವರಿಗೆ ನಷ್ಟವಾಯಿತು ಎನ್ನುತ್ತಿಲ್ಲ. ಸಾಲಕ್ಕೆಂದೇ ಸಿಗುತ್ತಿದ್ದ ರಿಯಾಯಿತಿ ಮಾಯವಾಯಿತು, ಅಷ್ಟೇ.

ತಮಾಷೆಯೆಂದರೆ, ಗರಿಷ್ಠ ತೆರಿಗೆ ಶೇ 39.6ರಿಂದ 37ಕ್ಕೆ ಇಳಿದಾಗ, ಬಡ್ಡಿಯಿಂದ ಉಳಿಯುವ ತೆರಿಗೆಯೂ ಇಳಿದು, ಸಿರಿವಂತರ ಇದೇ ಸಾಲ ಕೂದಲೆಳೆಯಷ್ಟು ದುಬಾರಿಯಾಯಿತು. ಹೊಸ ಗೃಹಸಾಲಗಳಲ್ಲಿ ಎಷ್ಟು ಸಾಲದವರೆಗಿನ ಬಡ್ಡಿಯನ್ನು ಕಳೆಯಬಹುದು ಎಂಬ ಮಿತಿಯನ್ನೂ 10 ಲಕ್ಷ ಡಾಲರ್‌ನಿಂದ 7.5 ಲಕ್ಷಕ್ಕೆ ತಗ್ಗಿಸಿದರು.

ಆದರೆ ನನ್ನ ಪ್ರಕಾರ ಅಸಲಿ ಅನುಕೂಲ ಇರುವುದು ಗೃಹಸಾಲದಲ್ಲಲ್ಲ, ಷೇರುಗಳನ್ನು ಅಡವಿಟ್ಟು ಪಡೆಯುವ ಸಾಲದಲ್ಲಿ. ಷೇರು ಮಾರಿದರೆ ಲಾಭಕ್ಕೆ ತೆರಿಗೆ, ಅಡವಿಟ್ಟರೆ ಇಲ್ಲ. ಸ್ವಂತ ಖರ್ಚಿಗೆ ಬಳಸಿದರೆ ಆ ಸಾಲದ ಬಡ್ಡಿಗೆ ವಿನಾಯಿತಿ ಸಿಗುವುದಿಲ್ಲ, ನಿಜ. ಆದರೂ ಮಾಲೀಕ ತೀರಿಕೊಂಡಾಗ ಷೇರಿನ ಮೂಲ ಬೆಲೆಯನ್ನು ಅಂದಿನ ಮಾರುಕಟ್ಟೆ ಬೆಲೆಗೆ ಏರಿಸಿ ಲೆಕ್ಕ ಹಾಕುವುದರಿಂದ, ಅದುವರೆಗಿನ ಲಾಭದ ಮೇಲಿನ ಆದಾಯ ತೆರಿಗೆ ವಾರಸುದಾರರಿಗೂ ತಟ್ಟುವುದಿಲ್ಲ. 2017ರಲ್ಲಿ ಈ ನಿಯಮವನ್ನು ಯಾರೂ ಮುಟ್ಟಲಿಲ್ಲ.