ಗೋವಾದ ಹಳೇ ಮನೆ, ಮಗಳಿಗೆ ಏನೂ ಬಿಡದ ಉಯಿಲು: ಗೋಥಿಕ್ ಕಾದಂಬರಿಗೆ ಈ ಗುಟ್ಟು ನಡೆಯುತ್ತಾ?

ಗೋವಾದ ವಾಸ್ಕೋ ಊರಿನ ಕನ್ನಡತಿ ಹಳೇ ಮನೆಗೆ ಸೊಸೆಯಾಗಿ ಬಂದು, ಮಾವ ತನ್ನ ಮಗಳಿಗೆ ಬಿಡಿಗಾಸೂ ಬಿಡದ ಉಯಿಲನ್ನು ಪತ್ತೆಹಚ್ಚುವುದು, ಹಳೇ ಮನೆ, ಭಯ, ಗುಟ್ಟುಗಳ ಗೋಥಿಕ್ ಕಾದಂಬರಿಗೆ ನೀವು ಆರಿಸಿದ ಕಥೆ. ಬೆಂಗಳೂರಲ್ಲಾದರೆ ಸರಿ, ಗೋವಾದಲ್ಲಿ ಈ ಗುಟ್ಟು ನಿಲ್ಲುವುದಿಲ್ಲ.

ಅಲ್ಲಿ ಇಂದಿಗೂ ಮದುವೆ, ಆಸ್ತಿಗೆ 1867ರ ಪೋರ್ಚುಗೀಸ್ ನಾಗರಿಕ ಕಾನೂನು ಸಂಹಿತೆಯ ಜಾಡೇ. ಮದುವೆಗೆ ಮುಂಚೆ ಬೇರೆ ಕರಾರು ಆಗದಿದ್ದರೆ ಆಸ್ತಿ ಗಂಡಹೆಂಡಿರಿಗೆ ಅರ್ಧರ್ಧ. ಮಾವನ ಅರ್ಧದಲ್ಲೂ ಅರ್ಧ ಮಕ್ಕಳಿಗೇ ಮೀಸಲು. ಅಂದರೆ 100ರಲ್ಲಿ 25 ಮಾತ್ರ ಅವನಿಷ್ಟ. ಕಾನೂನು ಒಪ್ಪುವ ಕಾರಣ ಬರೆಯದೆ ಮಗಳನ್ನು ಕೈಬಿಡುವಂತಿಲ್ಲ.

ಹಾಗಾಗಿ ಗುಟ್ಟನ್ನೇ ತಿರುಗಿಸಿ: ಸತ್ತ ಮೊದಲ ಹೆಂಡತಿಯ ಅರ್ಧ ಪಾಲು ಅವಳ ಮಗಳಿಗೆ ಸೇರಬೇಕಿತ್ತು, ಮಾವ ಸತ್ತವಳ ಆಸ್ತಿ ಹಂಚುವ ಪಾಲುಪಟ್ಟಿಯನ್ನೇ ಮಾಡಿಸಲಿಲ್ಲ. ಮನೆ ಮಾರಲು ಹೊರಟಾಗ ಆ ಮಗಳ ಸಹಿ ಕಡಿಮೆ ಬೀಳಲಿ. ದೆವ್ವಕ್ಕಿಂತ ಇದೇ ಹೆಚ್ಚು ನಡುಗಿಸುತ್ತದೆ. ಇದನ್ನು ವಕೀಲರ ಬಾಯಲ್ಲಿ ಹೇಳಿಸಿದರೆ ಮಾತ್ರ ಕೆಟ್ಟಿತು. ಪೋರ್ಚುಗೀಸ್ ಆಳ್ವಿಕೆ ಮುಗಿದ 1961ಕ್ಕೆ ಹಿಂದಿನ ದಾಖಲೆ ಪೋರ್ಚುಗೀಸಲ್ಲಿರುವುದರಿಂದ ಸೊಸೆ ಹೆಸರುಗಳನ್ನಷ್ಟೇ ಗುರುತಿಸಲಿ, ಉಳಿದದ್ದು ಎರಡು ಅಧ್ಯಾಯ ತಡವಾಗಿ ತಿಳಿಯಲಿ.

ಕಿಟಕಿಗೆ ಗಾಜು ಬೇಡ, ಹಳೇ ಮನೆಗಳ ಸಿಂಪಿಚಿಪ್ಪಿನ ತೆಳು ಬಿಲ್ಲೆಗಳು ಇರಲಿ: ಹಾಲುಬಣ್ಣದ ಬೆಳಕು ಒಳಗೆ ಬರುತ್ತದೆ, ಹೊರಗೆ ನಿಂತವರು ಯಾರೆಂದು ಕಾಣುವುದಿಲ್ಲ.