ರಿಕವರಿ ಏಜೆಂಟ್ ಮನೆ ಬಾಗಿಲಿಗೆ ಬಂದ್ರೆ ಏನ್ ಮಾಡ್ಬೇಕು?

ಪ್ರಶ್ನೆ: ಸರ್, ಕೆಲ್ಸ ಹೋಗಿ ಪರ್ಸನಲ್ ಲೋನ್ ನಾಲ್ಕು ಕಂತು ಬಾಕಿ ಆಗಿದೆ. ರಿಕವರಿ ಏಜೆಂಟ್ ಅಂತ ಒಬ್ಬ ರಾತ್ರಿ ಹತ್ತಕ್ಕೂ ಫೋನ್ ಮಾಡ್ತಾನೆ, ನಮ್ಮಕ್ಕನಿಗೂ ಮಾಡಿ 'ನಿಮ್ ತಮ್ಮ ಫೋರ್‌ಟ್ವೆಂಟಿ' ಅಂದಿದ್ದಾನೆ, ನಾಳೆ ಪೊಲೀಸ್ ಕರ್ಕೊಂಡ್ ಬರ್ತೀನಿ ಅಂತಾನೆ. ನಿಜವಾಗ್ಲೂ ಅರೆಸ್ಟ್ ಮಾಡ್ತಾರಾ?
(ಹೆಸರು ಬೇಡ ಅಂದವರು, ದಾವಣಗೆರೆ)

ಉತ್ತರ: ಇಲ್ಲ. ಕಂತು ಕಟ್ಟೋಕಾಗದೆ ಇರೋದು ಸಿವಿಲ್ ವ್ಯವಹಾರ, ಅಷ್ಟಕ್ಕೇ ಪೊಲೀಸ್ನೋರು ಬಂದು ಎತ್ತಾಕ್ಕೊಂಡ್ ಹೋಗೋ ಹಾಗಿಲ್ಲ. ಸುಳ್ಳು ದಾಖಲೆ ಕೊಟ್ಟು ಸಾಲ ಎತ್ತಿದ್ರೆ ಕಥೆ ಬೇರೆ. ಹಾಗೇ ನೀವು ಕೊಟ್ಟ ಚೆಕ್ಕೋ ಆಟೋ ಡೆಬಿಟ್ಟೋ ಬೌನ್ಸ್ ಆಗಿದ್ರೆ ಕ್ರಿಮಿನಲ್ ಕೇಸ್ ಹಾಕ್ಬಹುದು, ಆದ್ರೆ ಅಲ್ಲೂ ಮೊದ್ಲು ನೋಟಿಸ್ ಬರುತ್ತೆ, ದುಡ್ಡು ಕಟ್ಟೋಕೆ 15 ದಿನ ಟೈಮ್ ಇರುತ್ತೆ. ಅಂಥ ನೋಟಿಸ್ ಬಂದ್ರೆ ಬೀರುವಲ್ಲಿಟ್ಟು ಸುಮ್ನಿರ್ಬೇಡಿ, ವಕೀಲರ ಹತ್ರ ಹೋಗಿ.

ಇನ್ನು ರಾತ್ರಿ ಹತ್ತರ ಫೋನು. ಆಗಸ್ಟ್ 2022ರಲ್ಲಿ ಆರ್‌ಬಿಐ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಸುತ್ತೋಲೆ ಕಳಿಸಿ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7 ಆದ್ಮೇಲೆ ವಸೂಲಿಗೆ ಅಂತ ಫೋನ್ ಮಾಡ್ಬಾರ್ದು, ಬೈಬಾರ್ದು, ನಾಲ್ಕು ಜನರ ಮುಂದೆ ಮಾನ ಕಳೀಬಾರ್ದು, ಮನೆಯವ್ರು ಸ್ನೇಹಿತರಿಗೆ ಕಿರುಕುಳ ಕೊಡ್ಬಾರ್ದು ಅಂತ ಹೇಳಿದೆ. ಏಜೆಂಟ್ ಮಾಡಿದ್ದಕ್ಕೆಲ್ಲ ಬ್ಯಾಂಕೇ ಜವಾಬ್ದಾರಿ, 'ಅವ್ನು ಹೊರಗಿನ ಏಜೆನ್ಸಿಯವ್ನು, ನಮಗೆ ಗೊತ್ತಿಲ್ಲ' ಅಂತ ಮ್ಯಾನೇಜರ್ ಕೈ ತೊಳ್ಕೊಳ್ಳೋಕೆ ಬರಲ್ಲ.

ಮುಂದಿನ ಸಲ ಫೋನ್ ಬಂದಾಗ ಜಗಳ ಆಡ್ಬೇಡಿ. ಹೆಸರೇನು, ಯಾವ ಏಜೆನ್ಸಿ, ಬ್ಯಾಂಕ್ ಕೊಟ್ಟ ಆಥರೈಸೇಷನ್ ಲೆಟರ್ ಮತ್ತೆ ಐಡಿ ಕಾರ್ಡ್ ಫೋಟೋ ವಾಟ್ಸಾಪ್ ಮಾಡಿ ಅಂತ ಕೇಳಿ, ಎಷ್ಟೋ ಸಲ ಇಷ್ಟು ಕೇಳಿದ್ರೇನೇ ಆ ಕಡೆ ದನಿ ತಣ್ಣಗಾಗುತ್ತೆ. ಕಾಲ್ ರೆಕಾರ್ಡ್, ಅಕ್ಕನಿಗೆ ಬಂದ ಕಾಲ್‌ಗಳ ಸ್ಕ್ರೀನ್‌ಶಾಟ್, ತಾರೀಕು ಎಲ್ಲ ಸೇರಿಸಿ ಬ್ಯಾಂಕಿನ ಗ್ರೀವೆನ್ಸ್ ಸೆಲ್‌ಗೆ, ಅಂದ್ರೆ ದೂರು ತಗೊಳ್ಳೋ ವಿಭಾಗಕ್ಕೆ, ಮೇಲ್ ಮಾಡಿ. ಅದೇ ಮೇಲ್‌ನಲ್ಲಿ ಕೆಲ್ಸ ಹೋಗಿದೆ, ಸದ್ಯಕ್ಕೆ ತಿಂಗಳಿಗೆ ಇಷ್ಟು ಕಟ್ಬಲ್ಲೆ, ಕಂತು ಕಮ್ಮಿ ಮಾಡಿ ಅವಧಿ ಜಾಸ್ತಿ ಮಾಡಿ ಅಂತಾನೂ ಕೇಳಿ, ಯಾಕಂದ್ರೆ ಫೋನ್ ಆಫ್ ಮಾಡ್ಕೊಂಡು ಕೂತವ್ರಿಗಿಂತ ಬರವಣಿಗೆಯಲ್ಲಿ ಕೇಳಿದವ್ರ ಕೇಸು ಆಮೇಲೆ ಎಲ್ಲೇ ಹೋದ್ರೂ ಗಟ್ಟಿ ನಿಲ್ಲುತ್ತೆ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಿ, ಫೀಸ್ ಇಲ್ಲ, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ.

ಏಜೆಂಟಿನ ಸ್ವಂತ ನಂಬರಿಗೆ ಮಾತ್ರ ಒಂದ್ ರೂಪಾಯಿನೂ ಫೋನ್‌ಪೇ ಮಾಡ್ಬೇಡಿ, ಲೋನ್ ಅಕೌಂಟಿಗೇ ಕಟ್ಟಿ. 'ಅರ್ಧ ಕಟ್ಟಿ, ಮುಗಿಸ್ಬಿಡೋಣ' ಅಂದ್ರೆ ಬ್ಯಾಂಕ್ ಲೆಟರ್‌ಹೆಡ್‌ನಲ್ಲಿ ಸೆಟ್ಲ್‌ಮೆಂಟ್ ಪತ್ರ ಕೈಗೆ ಬಂದ್ಮೇಲೇ ದುಡ್ಡು ಹಾಕಿ, ಅದೂ ನಿಮ್ಮ ಸಾಲದ ಚರಿತ್ರೆ ಇಡೋ ಸಿಬಿಲ್‌ನಲ್ಲಿ 'ಕ್ಲೋಸ್ಡ್' (ಪೂರ್ತಿ ತೀರಿದೆ) ಅಂತ ಬರಲ್ಲ, 'ಸೆಟ್ಲ್ಡ್' (ಕಮ್ಮಿಗೆ ಮುಗಿಸಿದ್ದು) ಅಂತ ಬರುತ್ತೆ, ಮುಂದೆ ಹೊಸ ಲೋನಿಗೆ ಹೋದಾಗ ಅದು ಅಡ್ಡ ಬರುತ್ತೆ.

ಪ್ರಶ್ನೆ: ಸಂಘದ ಸಾಲ ತಗೊಂಡಿದ್ದೆ, ಎರಡು ವಾರ ಕಟ್ಟಿಲ್ಲ. ಫೀಲ್ಡ್ ಆಫೀಸರ್ ರಾತ್ರಿ ಎಂಟಾದ್ರೂ ಜಗಲಿ ಬಿಟ್ಟು ಏಳಲ್ಲ. ಹೊಲಿಗೆ ಮಷಿನ್ ಎತ್ಕೊಂಡ್ ಹೋಗ್ತೀನಿ ಅಂತಾನೆ, ನನ್ ಹೊಟ್ಟೆಪಾಡೇ ಅದು.
(ಒಬ್ಬ ಓದುಗರು, ಹಾವೇರಿ)

ಉತ್ತರ: ಮಷಿನ್ ಮುಟ್ಟೋಕೆ ಬಿಡ್ಬೇಡಿಮ್ಮ. ಇಂಥ ಸಂಘದ ಸಾಲ ಮೈಕ್ರೋಫೈನಾನ್ಸ್ ಸಾಲ, ಹಾಗಂದ್ರೇನೇ ಯಾವ ಅಡಮಾನವೂ ಇಲ್ದೆ ಕೊಡೋ ಸಾಲ, ಹಂಗಿದ್ಮೇಲೆ ಎತ್ಕೊಂಡ್ ಹೋಗೋ ಮಾತೆಲ್ಲಿ ಬಂತು? ಜಪ್ತಿ ಮಾಡೋದು ಕೋರ್ಟಿನ ಕೆಲ್ಸ, ಆ ಕೋರ್ಟೇ ಡಿಕ್ರಿ (ದುಡ್ಡು ಕಟ್ಟಿ ಅಂತ ತೀರ್ಪು) ಕೊಟ್ರೂ ಕಸುಬಿನ ಉಪಕರಣ, ಅಡುಗೆ ಪಾತ್ರೆ, ಹಾಸಿಗೆ, ತಾಳಿ ಇವನ್ನೆಲ್ಲ ಜಪ್ತಿ ಮಾಡೋ ಹಾಗಿಲ್ಲ ಅಂತ ಸಿವಿಲ್ ಪ್ರೊಸೀಜರ್ ಕೋಡ್ ಸೆಕ್ಷನ್ 60ರಲ್ಲಿದೆ.

ನಿಮ್ಮ ಸಾಲಕ್ಕೆ ವಸೂಲಿ ಟೈಮ್ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6 ಅಷ್ಟೇ. ವಸೂಲಿ ಎಲ್ಲಿ ಅಂತ ಇಬ್ಬರೂ ಸೇರಿ ಒಪ್ಪಿಕೊಂಡ ಜಾಗದಲ್ಲೇ ಮಾಡ್ಬೇಕು, ನೀವು ಎರಡು ಸಲ ಸತತವಾಗಿ ಅಲ್ಲಿಗೆ ಹೋಗ್ಲಿಲ್ಲ ಅಂದ್ರೆ ಮಾತ್ರ ಮನೆಗೆ ಬರ್ಬಹುದು. ಅದಕ್ಕೇ ಕಟ್ಟೋಕೆ ದುಡ್ಡಿಲ್ಲದಿದ್ರೂ ಮೀಟಿಂಗಿಗೆ ಹೋಗಿ ಬನ್ನಿ. ಕತ್ತಲಾದ್ಮೇಲೂ ಕೂತಿದ್ರೆ 112ಕ್ಕೆ ಫೋನ್ ಮಾಡಿ. ಫೆಬ್ರವರಿ 2025ರಲ್ಲಿ ನಮ್ಮ ರಾಜ್ಯ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದ್ರು, ಠಾಣೆಯವ್ರಿಗೂ ಈಗ ಈ ವಿಷ್ಯ ಹೊಸದಲ್ಲ.

ಪ್ರಶ್ನೆ: ಅಪ್ಪ ತೀರಿಕೊಂಡ್ರು, ಅವರ ಕ್ರೆಡಿಟ್ ಕಾರ್ಡ್ ಬಾಕಿ ನಾನ್ ಕಟ್ಬೇಕಾ?
(ಸಾಗರದ ಓದುಗ)

ಉತ್ತರ: ಅಪ್ಪನಿಂದ ನಿಮಗೆ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ, ನಿಮ್ಮ ಸಂಬಳಕ್ಕೂ ಸ್ವಂತ ದುಡ್ಡಿಗೂ ಬ್ಯಾಂಕ್‌ನೋರು ಕೈ ಹಾಕೋ ಹಾಗಿಲ್ಲ. ನೀವೇ ಜಾಮೀನು ಹಾಕಿದ್ರೆ ಅದು ಬೇರೆ, ಆಗ ಪೂರ್ತಿ ನಿಮ್ಮ ತಲೆ ಮೇಲೇ. ಬ್ಯಾಂಕಿಗೆ ಡೆತ್ ಸರ್ಟಿಫಿಕೇಟ್ ಕಾಪಿ ಕೊಟ್ಟು ಸ್ವೀಕೃತಿ ತಗೊಳ್ಳಿ, 'ನಾನು ಕಟ್ತೀನಿ' ಅಂತಿರೋ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ.