ಎರಡು ರಿಂಗಿನೊಳಗೆ ಎತ್ತಬೇಕು

"ಮಗಳು ಮೊಬೈಲ್ ಬಿಡುವುದೇ ಇಲ್ಲ" ಎಂದು ಉಡುಪಿಯ ನನ್ನ ಕೋಣೆಗೆ ಸಲಹೆ ಕೇಳಲು ಬರುವ ತಾಯಂದಿರು ಬಹಳ. ಹಾಗೆ ಬಂದ ಒಬ್ಬರ ವಿಷಯ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಂಥದ್ದೇ ಮನೆಗಳು ಮತ್ತೆ ಮತ್ತೆ ಎದುರಾಗುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಬ್ರಹ್ಮಾವರದ ಕಡೆ. ಗಂಡ ದುಬೈಯಲ್ಲಿ. ಮಗಳಿಗೆ ಮಣಿಪಾಲದಲ್ಲಿ ಕೆಲಸ, ದಿನಾ ಸ್ಕೂಟರಿನಲ್ಲಿ ಓಡಾಟ. ಮಳೆಗಾಲದ ಒಂದು ಸಂಜೆ ಸಂತೆಕಟ್ಟೆಯ ಹತ್ತಿರ ಹೆದ್ದಾರಿ 66ರಲ್ಲಿ ಬಿದ್ದಳು. ಓಡಿಸುತ್ತಲೇ ಫೋನನ್ನು ಹೆಲ್ಮೆಟ್ಟಿನೊಳಗೆ ತುರುಕಲು ಹೋಗಿದ್ದಳು. ಹಿಂದಿನ ಬಸ್ಸಿನವರು ಸಮಯಕ್ಕೆ ಬ್ರೇಕ್ ಹಾಕಿದರು.

"ಊಟಕ್ಕೂ ಫೋನ್, ಗಾಡಿಯಲ್ಲೂ ಫೋನ್. ನೀವಾದರೂ ಬುದ್ಧಿ ಹೇಳಿ ಮೇಡಂ" ಎಂದರು ತಾಯಿ. ಮಗಳು ಕೈಯ ಪಟ್ಟಿ ನೋಡುತ್ತಾ ಕೂತಿದ್ದಳು.

"ಅವತ್ತು ಯಾರ ಫೋನ್ ಬಂದಿತ್ತು?" ಎಂದು ಕೇಳಿದೆ.

ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಅಮ್ಮಂದೇ" ಎಂದಳು.

"ಎರಡು ರಿಂಗಿನೊಳಗೆ ಎತ್ತದಿದ್ದರೆ ಮತ್ತೆ ಬರ್ತದೆ. ಆಗಲೂ ಎತ್ತದಿದ್ದರೆ ನನ್ನ ಫ್ರೆಂಡ್ಸಿಗೆಲ್ಲ ಹೋಗ್ತದೆ. ಆಮೇಲೆ ದುಬೈಗೆ. ಅಪ್ಪ ಅಲ್ಲಿ ಹೆದರಿ ಕೂತಿರ್ತಾರೆ. ಅದಕ್ಕಿಂತ ಎತ್ತಿಬಿಡುವುದೇ ಸುಲಭ."

ತಾಯಿಗೆ ಅಳು ಬಂತು. "ಮಳೆ, ಕತ್ತಲೆ, ಲಾರಿಗಳು. ಹೆದರಿಕೆ ಆಗ್ತದೆ ಅಲ್ವಾ?"

ಆಗ್ತದೆ. ಅವರ ಹೆದರಿಕೆ ಸುಳ್ಳಲ್ಲ. ಆದರೂ ನಾನು ಆ ದಿನ ಮೊದಲು ಬುದ್ಧಿ ಹೇಳಿದ್ದು ತಾಯಿಗೇ. ಸಂಜೆ ಐದೂವರೆಯಿಂದ ಆರೂಕಾಲರವರೆಗೆ ಮಗಳಿಗೆ ಕರೆ ಮಾಡಬಾರದು. ಹೊರಡುವಾಗ ಒಂದು ಮೆಸೇಜು, ಮುಟ್ಟಿದ ಮೇಲೆ ಮನೆ ಬಾಗಿಲಲ್ಲಿ ಅವಳೇ. ನಡುವೆ ಫೋನ್ ಸೀಟಿನ ಕೆಳಗೆ ಡಿಕ್ಕಿಯಲ್ಲಿ. ತಡವಾಗುವುದಿದ್ದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅವಳೇ ತಿಳಿಸಬೇಕು.

"ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಹಾಕ್ತೇನೆ, ಒಂದು ಗಂಟೆಗೆ" ಎಂದಳು ಮಗಳು. ಬೇಡ ಎಂದೆ. ಸಿಗ್ನಲ್ ಹೋಗಿ ಆ ಚುಕ್ಕೆ ಕಲ್ಯಾಣಪುರ ಸೇತುವೆಯ ಮೇಲೆ ಎರಡು ನಿಮಿಷ ನಿಂತರೆ ಈ ತಾಯಿಯ ಎದೆ ಒಡೆಯುತ್ತದೆ, ಮತ್ತೆ ಕರೆ ಹೋಗುತ್ತದೆ. ಬೇರೆ ಮನೆಗೆ ಅದು ಸರಿಹೋಗಬಹುದು, ಇಲ್ಲಿಗೆ ಅಲ್ಲ.

ಮಗಳನ್ನೂ ಬಿಡಲಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸ್ಕೂಟರು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಯಾರ ಫೋನ್ ಎಂದು ನೋಡಲು ಮೂರು ಸೆಕೆಂಡು ಹಿಡಿದರೆ 33 ಮೀಟರ್ ರಸ್ತೆ ನೋಡದೆ ಹೋದ ಹಾಗೆ. "ಅಮ್ಮ ಬೈದರೂ ಆಮೇಲೆ ಸಮಾಧಾನ ಮಾಡಬಹುದು" ಎಂದೆ.

ತಾಯಿಯನ್ನೇ ತಪ್ಪಿತಸ್ಥೆ ಮಾಡಿದಿರಿ ಎಂದು ಜೊತೆಯವರೊಬ್ಬರು ಹೇಳಿದರು. ಆ ಮಾತು ನನ್ನನ್ನು ಕೆಲವು ದಿನ ಕಾಡಿತು. ಆದರೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆ ಎಂದು ಎಣಿಸಿ ದಂಡ ಹಾಕುವುದು ಓಡಿಸುವವರಿಗೆ. ಓಡಿಸುತ್ತಿದ್ದಾರೆ ಎಂದು ಗೊತ್ತಿದ್ದೂ ಕರೆ ಮಾಡುವವರನ್ನು ಯಾರು ಕೇಳುತ್ತಾರೆ? ಮನೆಯವರೇ ಕೇಳಿಕೊಳ್ಳಬೇಕು. ಹಾಗಾಗಿ ಈಗಲೂ ಅದೇ ಸಲಹೆ ಕೊಡುತ್ತೇನೆ.

ಊಟದ ವಿಷಯ ಬೇರೆ. ರಾತ್ರಿ ಒಂಬತ್ತಕ್ಕೆ, ಅಲ್ಲಿಯ ಏಳೂವರೆಗೆ, ತಂದೆ ವಿಡಿಯೋ ಕಾಲ್ ಮಾಡುತ್ತಾರೆ. ಊಟಕ್ಕೆ ಫೋನೇ ಬೇಡ ಎಂದು ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಹೇಳಲು ಆಗುವುದಿಲ್ಲ. ಅಪ್ಪ ಇರುವುದು ಅದರಲ್ಲೇ. ಒಂದೇ ಫೋನ್ ನೀರಿನ ಜಗ್ಗಿಗೆ ಒರಗಿಸಿ ಇಡಿ, ಇನ್ನೊಂದು ಕೋಣೆಯಲ್ಲಿರಲಿ, ಅಪ್ಪ ಕರೆ ಮುಗಿಸಿದ ಮೇಲೆ ಜಗ್ಗಿನ ಹತ್ತಿರದ್ದನ್ನೂ ಚಾರ್ಜಿಗೆ ಹಾಕಿ ಎಂದೆ. ಇದು ಇನ್ನೂ ಪೂರ್ತಿ ನಡೆಯುತ್ತಿಲ್ಲ. ಅಪ್ಪನ ಕರೆ ಮುಗಿದ ಕೂಡಲೇ ಇಬ್ಬರೂ ಸುಮ್ನೆ ಸ್ಕ್ರೋಲ್ ಮಾಡುತ್ತಾ ಕೂರುತ್ತಾರಂತೆ.

ಸಂಜೆಯದ್ದು ಮಾತ್ರ ನಡೆಯುತ್ತಿದೆ. ಮೊದಲ ವಾರ ತಾಯಿ ಎರಡು ಸಲ ತಪ್ಪಿದರು. ಎರಡನೇ ವಾರ ನನಗೆ ಫೋನ್ ಮಾಡಿದರು. "ಇವತ್ತು ಮೊಬೈಲನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಂದು ಗೇಟಿನ ಹತ್ತಿರ ನಿಂತಿದ್ದೆ ಮೇಡಂ. ಆರು ಗಂಟೆ ಹತ್ತು ನಿಮಿಷಕ್ಕೆ ಬಂದಳು."